ಗುಡ್ಡದ ಊರಿನಲ್ಲಿ ಡ್ರೋನ್: ಯಾವ ಸೆಟ್ಟಿಂಗ್ ಮೊದಲು, ಯಾವುದು ಆಮೇಲೆ

"ಡ್ರೋನ್ ಗಾಳಿಗೆ ತೂಗಾಡುತ್ತೆ, ಪಿಐಡಿ ಎಷ್ಟಿಡಬೇಕು ಹೇಳಿ." ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರು ನನ್ನನ್ನು ಹೆಚ್ಚಾಗಿ ಕೇಳುವುದು ಇದನ್ನೇ. ಪಿಐಡಿ ಎಂದರೆ ವಾಲಿದ ಡ್ರೋನ್ ತನ್ನನ್ನು ತಾನು ಎಷ್ಟು ಜೋರಾಗಿ ತಿದ್ದಿಕೊಳ್ಳಬೇಕೆಂಬ ಸೆಟ್ಟಿಂಗ್. ಕೇಳುವವರಿಗೆ ಬೇಕಾದದ್ದು ಒಂದು ಅಂಕಿ. ಅಂಥ ಅಂಕಿ ನನ್ನ ಹತ್ತಿರ ಇಲ್ಲ, ಯಾರ ಹತ್ತಿರವೂ ಇಲ್ಲ. ನಿಮ್ಮ ಡ್ರೋನಿನ ತೂಕ, ಮೋಟಾರು, ರೆಕ್ಕೆ ಬೇರೆ, ಪಕ್ಕದ ಮನೆಯವರದ್ದು ಬೇರೆ. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ನಮ್ಮ ಕಡೆ ಡ್ರೋನ್ ಕಳೆದುಹೋಗುವುದು ತೂಗಾಟದಿಂದ ಅಲ್ಲ. ಸಿಗ್ನಲ್ ತಪ್ಪಿ, ತಾನಾಗಿ ಮನೆಗೆ ಮರಳುವಾಗ ಅಡಿಕೆ ಮರಕ್ಕೋ ಗುಡ್ಡಕ್ಕೋ ಬಡಿದು ಹೋಗುತ್ತದೆ. ಆದ್ದರಿಂದ ಈ ಲೇಖನದಲ್ಲಿ ಪಿಐಡಿ ಕೊನೆಗೆ ಬರುತ್ತದೆ. ಮೊದಲು ಮರಳಿ ಬರುವ ದಾರಿ.

ಆರ್ಡುಪೈಲಟ್ ತಂತ್ರಾಂಶ ಇರುವ, ನಾಲ್ಕು ರೆಕ್ಕೆಯ, ಮನೆಯಲ್ಲೇ ಜೋಡಿಸಿದ ಡ್ರೋನನ್ನು ಉದಾಹರಣೆಗೆ ಇಟ್ಟುಕೊಂಡಿದ್ದೇನೆ. ಅಂಗಡಿಯಿಂದ ತಂದ ಕ್ಯಾಮೆರಾ ಡ್ರೋನ್ ಇದ್ದವರಿಗೆ ಕೊನೆಯಲ್ಲಿ ಪ್ರತ್ಯೇಕ ಮಾತಿದೆ. ಆದರೆ ಎತ್ತರದ ಲೆಕ್ಕ ಇಬ್ಬರಿಗೂ ಒಂದೇ, ಅದನ್ನು ಬಿಡಬೇಡಿ.

ಬೇಕಾಗುವ ಸಾಮಾನು

ಮಿಷನ್ ಪ್ಲಾನರ್ (ಡ್ರೋನಿನ ಸೆಟ್ಟಿಂಗ್ ನೋಡಿ ಬದಲಿಸುವ ತಂತ್ರಾಂಶ) ಹಾಕಿದ ಲ್ಯಾಪ್‌ಟಾಪ್, ಡೇಟಾ ಹೋಗುವ ಯುಎಸ್‌ಬಿ ಕೇಬಲ್ (ಬರೀ ಚಾರ್ಜಿಂಗ್ ಕೇಬಲ್ ಹಿಡಿದುಕೊಂಡು ಅರ್ಧ ದಿನ ಕಳೆದವರಿದ್ದಾರೆ), ಪೂರ್ತಿ ಚಾರ್ಜ್ ಆದ ಎರಡು ಬ್ಯಾಟರಿ, ಬ್ಯಾಟರಿ ವೋಲ್ಟ್ ಅಳೆಯುವ ಮೀಟರ್, ಒಂದು ನೋಟ್‌ಬುಕ್. ನೋಟ್‌ಬುಕ್ ಯಾಕೆಂದರೆ ಪ್ರತಿ ಬದಲಾವಣೆಗೂ ದಿನಾಂಕ, ಹಳೇ ಮೌಲ್ಯ, ಹೊಸ ಮೌಲ್ಯ ಬರೆದಿಡಬೇಕು. ಒಮ್ಮೆಗೆ ಒಂದೇ ಬದಲಾವಣೆ.

ಮೇಜಿನ ಮೇಲೆ ಮಾಡುವ ಎಲ್ಲ ಕೆಲಸಕ್ಕೂ ರೆಕ್ಕೆ ಬಿಚ್ಚಿಡಿ. ಹತ್ತು ಇಂಚಿನ ರೆಕ್ಕೆ ಬೆರಳು ಕತ್ತರಿಸುವಷ್ಟು ಹರಿತ.

ಹಾರಿಸುವ ಜಾಗವನ್ನು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಮೊದಲೇ ನೋಡಿಕೊಳ್ಳಿ. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ ನೆಲದಿಂದ 400 ಅಡಿ, ಅಂದರೆ 120 ಮೀಟರ್ ತನಕ ಅನುಮತಿ ಇಲ್ಲದೆ ಹೋಗಬಹುದು. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ನಡುವೆ ಇದ್ದರೆ ಆ ಮಿತಿ 200 ಅಡಿಗೆ ಇಳಿಯುತ್ತದೆ; 8 ಕಿಲೋಮೀಟರ್ ಒಳಗೆ ಅನುಮತಿ ಬೇಕೇ ಬೇಕು. ಶಿವಮೊಗ್ಗ ಹತ್ತಿರದ ಸೋಗಾನೆಯ ವಿಮಾನ ನಿಲ್ದಾಣ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಹಾಗಾಗಿ ಶಿವಮೊಗ್ಗ, ಭದ್ರಾವತಿ ಸುತ್ತಲಿನವರು "ಮೊದಲು ಇಲ್ಲೇ ಹಾರಿಸ್ತಿದ್ದೆ" ಎಂಬ ನೆನಪನ್ನು ನಂಬಬಾರದು. ಶೆಟ್ಟಿಹಳ್ಳಿಯಂಥ ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಡ್ರೋನ್ ಏಳಿಸಬೇಡಿ.

1. ಇದ್ದದ್ದನ್ನು ಉಳಿಸಿಕೊಳ್ಳಿ

ಮಿಷನ್ ಪ್ಲಾನರ್‌ನಲ್ಲಿ ಫುಲ್ ಪ್ಯಾರಾಮೀಟರ್ ಲಿಸ್ಟ್ ತೆರೆದು, ಈಗಿರುವ ಎಲ್ಲ ಮೌಲ್ಯಗಳನ್ನು ಒಂದು ಫೈಲ್ ಆಗಿ ಸೇವ್ ಮಾಡಿ. ಪ್ಯಾರಾಮೀಟರ್ ಎಂದರೆ ಡ್ರೋನಿನ ಫ್ಲೈಟ್ ಕಂಟ್ರೋಲರ್, ಅಂದರೆ ಅದರ ಮಿದುಳಿನಂಥ ಸಣ್ಣ ಬೋರ್ಡು, ನೋಡಿ ನಡೆಯುವ ಒಂದೊಂದು ಅಂಕಿ. ಕೆಟ್ಟರೆ ಹಿಂದಕ್ಕೆ ಹೋಗಲು ಈ ಫೈಲ್ ಒಂದೇ ದಾರಿ.

2. ದಿಕ್ಸೂಚಿ ಹೊಂದಿಸುವುದು

ದಿಕ್ಸೂಚಿಯನ್ನು, ಅಂದರೆ ಕಂಪಾಸನ್ನು, ಹೊಂದಿಸುವಾಗ ಡ್ರೋನನ್ನು ಕೈಯಲ್ಲಿ ಹಿಡಿದು ಆರೂ ಮುಖ ನೆಲಕ್ಕೆ ಬರುವಂತೆ ಒಂದೊಂದಾಗಿ ತಿರುಗಿಸಬೇಕು. ಕೆಲಸ ಸುಲಭ. ಎಡವುವುದು ಜಾಗದ ಆಯ್ಕೆಯಲ್ಲಿ. ನಮ್ಮ ಮನೆಗಳಲ್ಲಿ ಅಗಲವಾದ, ಸಮತಟ್ಟಾದ ಜಾಗ ಅಂದರೆ ಅಡಿಕೆ ಒಣಹಾಕುವ ತಾರಸಿ, ಇಲ್ಲವೇ ಸಿಮೆಂಟ್ ಅಂಗಳ. ತಾರಸಿಯೊಳಗೆ ಕಬ್ಬಿಣದ ಸರಳಿದೆ, ಅಂಗಳದ ಮೇಲೆ ಕಬ್ಬಿಣದ ಚಪ್ಪರ ಇದೆ, ಪಕ್ಕದಲ್ಲಿ ಬೈಕೋ ಜೀಪೋ ನಿಂತಿರುತ್ತದೆ. ಇದಕ್ಕಿಂತ ಕೆಟ್ಟ ಜಾಗ ಹುಡುಕಿದರೂ ಸಿಗುವುದಿಲ್ಲ. ಕೊಯ್ಲಾದ ಗದ್ದೆಯ ನಡುವೆ ಹೋಗಿ. ಮೊಬೈಲ್, ಕೀಗೊಂಚಲು, ಸೊಂಟದ ಕತ್ತಿ ಎಲ್ಲ ದೂರ ಇಡಿ.

ಡ್ರೋನ್ ನಿಂತಲ್ಲಿ ನಿಲ್ಲದೆ ಗಾಣದ ಎತ್ತಿನಂತೆ ಸುತ್ತು ಹೊಡೆಯುತ್ತಾ, ಸುತ್ತು ದೊಡ್ಡದಾಗುತ್ತಾ ಹೋದರೆ ಅದು ದಿಕ್ಸೂಚಿಯ ದೋಷ. ಪಿಐಡಿ ತಿದ್ದಿ ಅದನ್ನು ಸರಿಪಡಿಸಲಾಗದು. ಹೈಟೆನ್ಷನ್ ಲೈನಿನ ಕೆಳಗೂ ಹೀಗಾಗಬಹುದು. ಶರಾವತಿ ಕಡೆಯಿಂದ ಬರುವ ದೊಡ್ಡ ಗೋಪುರಗಳ ಸಾಲು ನಿಮ್ಮ ಊರಿನ ಮೇಲೆ ಹಾದುಹೋಗಿದ್ದರೆ ಅದರಿಂದ ದೂರ ಇರಿ.

3. ಮರಳುವ ಎತ್ತರ

ಇಡೀ ಲೇಖನದಲ್ಲಿ ಒಂದನ್ನೇ ಓದುವುದಾದರೆ ಇದನ್ನು ಓದಿ.

ಸಿಗ್ನಲ್ ಹೋದರೆ, ಬ್ಯಾಟರಿ ಇಳಿದರೆ ಡ್ರೋನ್ 'ಆರ್‌ಟಿಎಲ್' ಎಂಬ ಕ್ರಮಕ್ಕೆ ಬೀಳುತ್ತದೆ. ಹೊರಟ ಜಾಗಕ್ಕೆ ತಾನೇ ಮರಳುವುದು ಎಂದರ್ಥ. ಆಗ ಅದು ನಿಗದಿಯಾದ ಎತ್ತರಕ್ಕೆ ಏರಿ, ಮನೆಯ ಕಡೆ ನೇರ ಗೆರೆಯಲ್ಲಿ ಬಂದು, ಮೇಲೆ ಐದು ಸೆಕೆಂಡ್ ನಿಂತು ಇಳಿಯುತ್ತದೆ. ಈ ಎತ್ತರಕ್ಕೆ ಆರ್ಡುಪೈಲಟ್‌ನಲ್ಲಿ ಮೊದಲೇ ಇರುವ ಮೌಲ್ಯ 15 ಮೀಟರ್. ಬಯಲುಸೀಮೆಯ ಶೇಂಗಾ ಹೊಲಕ್ಕೆ ಅದು ಸಾಕು. ನಮ್ಮ ಹಳೇ ಅಡಿಕೆ ಮರ 15 ಮೀಟರ್ ದಾಟಿ ಬೆಳೆದಿರುತ್ತದೆ. ಅಂದರೆ ಈ ಅಂಕಿಯನ್ನು ಮುಟ್ಟದೆ ಬಿಟ್ಟವರ ಡ್ರೋನ್ ಸರಿಯಾಗಿ ಅಡಿಕೆ ಗೊನೆ ಬಿಡುವ ಮಟ್ಟದಲ್ಲಿ ತೋಟದೊಳಗೆ ನುಗ್ಗುತ್ತದೆ. ನನ್ನ ಮೊದಲ ಡ್ರೋನ್ ಹಾಗೇ ಸೋಗೆಗೆ ಸಿಕ್ಕಿಹಾಕಿಕೊಂಡು, ಅಡಿಕೆ ಕೊಯ್ಯುವ ಕೊನೆಗೌಡರು ಮರ ಹತ್ತಿ ಇಳಿಸಿಕೊಟ್ಟರು. ಅವರು ಆ ದಿನ ನಕ್ಕ ನಗು ಇನ್ನೂ ನೆನಪಿದೆ.

ಎರಡನೇ ಮಾತು: ಈ ಎತ್ತರವನ್ನು ಅಳೆಯುವುದು ಡ್ರೋನಿನ ಕೆಳಗಿರುವ ನೆಲದಿಂದ ಅಲ್ಲ, ನೀವು ಹೊರಟ ಜಾಗದಿಂದ. ನಮ್ಮ ತೋಟಗಳು ಇರುವುದು ಕಣಿವೆಯ ತಗ್ಗಿನಲ್ಲಿ, ಮೇಲೆ ಸೊಪ್ಪಿನಬೆಟ್ಟ. ತಗ್ಗಿನಿಂದ ಏಳಿಸಿ ಬೆಟ್ಟದ ಆಚೆ ಕಳಿಸಿದರೆ, ಡ್ರೋನಿನ ಪಾಲಿಗೆ 40 ಮೀಟರ್ ಎತ್ತರ ಎಂದರೆ ಬೆಟ್ಟದ ಬುಡವೋ ಸೊಂಟವೋ ಆಗಿರುತ್ತದೆ.

ಲೆಕ್ಕ ಹೀಗೆ ಮಾಡಿ. ನೀವು ಹಾರಿಸುವ ವ್ಯಾಪ್ತಿಯೊಳಗೆ ಎಲ್ಲಕ್ಕಿಂತ ಎತ್ತರದ ನೆಲ ಯಾವುದು, ಅದು ನೀವು ನಿಂತ ಜಾಗಕ್ಕಿಂತ ಎಷ್ಟು ಮೇಲಿದೆ ನೋಡಿ. ಮೊಬೈಲಿನ ಭೂಪಟದಲ್ಲಿ ಎರಡೂ ಕಡೆಯ ಎತ್ತರ ಸಿಗುತ್ತದೆ. ಅದು 40 ಮೀಟರ್ ಎಂದಿಟ್ಟುಕೊಳ್ಳೋಣ. ಅದರ ಮೇಲಿನ ಮರ 18 ಮೀಟರ್. ಅಂಚು, ಅಂದರೆ ತಪ್ಪಿಗೆ ಬಿಟ್ಟ ಜಾಗ, 15 ಮೀಟರ್. ಒಟ್ಟು 73. ಹೊಂಡದಲ್ಲಿ ನಿಂತು ಹಾರಿಸುವವರಿಗೆ ಈ ಅಂಕಿ ದೊಡ್ಡದಾಗುತ್ತದೆ, ಗುಡ್ಡದ ನೆತ್ತಿಯಲ್ಲಿ ನಿಂತವರಿಗೆ ಚಿಕ್ಕದಾಗುತ್ತದೆ. ಸಾಧ್ಯವಿದ್ದರೆ ಹೊರಡುವ ಜಾಗವನ್ನೇ ಮೇಲಕ್ಕೆ ಒಯ್ಯಿರಿ. ಸಿಗ್ನಲಿಗೂ ಅದೇ ಒಳ್ಳೆಯದು. ಆದರೆ ನೆತ್ತಿಯಿಂದ ಕಣಿವೆ ಕಡೆ ಹಾರುವಾಗ ನೆಲದಿಂದ 120 ಮೀಟರ್ ಮಿತಿ ಮೀರದಂತೆ ಕಣ್ಣಿಡಬೇಕು, ಏಕೆಂದರೆ ಪರದೆ ತೋರಿಸುವುದು ಹೊರಟ ಜಾಗದಿಂದ ಎತ್ತರವನ್ನು.

ಇಲ್ಲಿ ಬೀಳುವ ಗುಂಡಿಗಳು ಹಲವು:

ಹಳೇ ಆವೃತ್ತಿಗಳಲ್ಲಿ ಈ ಮೌಲ್ಯ ಸೆಂಟಿಮೀಟರ್‌ನಲ್ಲಿದೆ. 73 ಮೀಟರ್ ಬೇಕಿದ್ದರೆ 7300 ಎಂದು ಬರೆಯಬೇಕು. 73 ಎಂದು ಬರೆದು ಬಿಟ್ಟರೆ ಮುಕ್ಕಾಲು ಮೀಟರ್! ಹೊಸ ಆವೃತ್ತಿಯಲ್ಲಿ ಮೀಟರ್ ಇದೆ. ಪಕ್ಕದ ಕಾಲಂನಲ್ಲಿ ಅಳತೆ ಯಾವುದೆಂದು ಬರೆದಿರುತ್ತದೆ, ಓದದೆ ಅಂಕಿ ತುಂಬಬೇಡಿ.

'ಕೋನ್ ಸ್ಲೋಪ್' ಎಂಬ ಇನ್ನೊಂದು ಮೌಲ್ಯವಿದೆ. ಡ್ರೋನ್ ಮನೆಗೆ ಹತ್ತಿರವಿದ್ದಾಗ ಸುಮ್ಮನೆ ಅಷ್ಟೆತ್ತರ ಏರುವುದು ಬೇಡ ಎಂದು ಅದು ತಡೆಯುತ್ತದೆ. ಮೊದಲೇ ಇರುವ 3 ಎಂಬ ಮೌಲ್ಯದಲ್ಲಿ, ಮನೆಯಿಂದ 5 ಮೀಟರ್ ದೂರದಲ್ಲಿದ್ದರೆ 15 ಮೀಟರ್ ತನಕ ಮಾತ್ರ ಏರುತ್ತದೆ. ಸುತ್ತ ಮರ ಇರುವವರು ಇದನ್ನು 0 ಮಾಡಿ, ಆಗ ಯಾವಾಗಲೂ ಪೂರ್ತಿ ಏರುತ್ತದೆ.

'ಫೆನ್ಸ್' ಅಂದರೆ ಡ್ರೋನಿಗೆ ಹಾಕುವ ಕಾಣದ ಬೇಲಿ. ಬೇಲಿಯ ಎತ್ತರ 50 ಮೀಟರ್ ಎಂದಿಟ್ಟು, ಮರಳುವ ಎತ್ತರ 73 ಎಂದಿಟ್ಟರೆ, ಡ್ರೋನ್ ಬೇಲಿಯ ಮಾತನ್ನೇ ಕೇಳುತ್ತದೆ. ಮರಳುವ ಎತ್ತರ ಸದ್ದಿಲ್ಲದೆ 50ಕ್ಕಿಂತ ಕೆಳಗೆ ಇಳಿಯುತ್ತದೆ. ಬೇಲಿ ಯಾವಾಗಲೂ ಮರಳುವ ಎತ್ತರಕ್ಕಿಂತ ಹತ್ತಿಪ್ಪತ್ತು ಮೀಟರ್ ಮೇಲಿರಲಿ.

ನೆಲದ ಏರಿಳಿತ ನೋಡಿಕೊಂಡು ಹಾರುವ 'ಟೆರೇನ್' ಸೌಲಭ್ಯ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಇದೆ. ಆದರೆ ಸಾಮಾನ್ಯವಾಗಿ ಅದರ ನಕ್ಷೆಯಲ್ಲಿ 100 ಮೀಟರಿಗೊಂದು ಬಿಂದು. ನಮ್ಮ ದರೆ, ದಿಬ್ಬಗಳು ಆ ಎರಡು ಬಿಂದುಗಳ ನಡುವೆ ಕಾಣೆಯಾಗಿಬಿಡುತ್ತವೆ. ಅದನ್ನು ಹೆಚ್ಚುವರಿ ಭದ್ರತೆ ಎಂದು ಇಟ್ಟುಕೊಳ್ಳಿ, ಅದರ ಮೇಲೆ ಭಾರ ಹಾಕಬೇಡಿ.

ಇನ್ನು ಇಳಿಯುವ ಜಾಗ. ಅಡಿಕೆ ಮರಗಳ ನಡುವಿನ ಅಂತರ ಸುಮಾರು 2.7 ಮೀಟರ್, ನಮ್ಮ ಭಾಷೆಯಲ್ಲಿ ಒಂಬತ್ತಡಿ. ಸಾಮಾನ್ಯ ಜಿಪಿಎಸ್‌ನ ತಪ್ಪೂ ಹೆಚ್ಚುಕಡಿಮೆ ಅಷ್ಟೇ. ತೋಟದೊಳಗೆ ಒಂದು ಕಿಂಡಿ ನೋಡಿ ಏಳಿಸಿದರೆ, ಅದೇ ಕಿಂಡಿಯಲ್ಲಿ ಅದು ಇಳಿಯುತ್ತದೆ ಎಂಬ ನಂಬಿಕೆ ಬೇಡ. ಮರದಡಿ ನಿಂತಾಗ ಉಪಗ್ರಹಗಳ ಸಂಕೇತ ಸೋಗೆಗೆ, ಕಾಂಡಕ್ಕೆ ತಾಗಿ ತಡವಾಗಿ ಬರುವುದರಿಂದ 'ಮನೆ' ಎಂದು ಗುರುತಾಗುವ ಜಾಗವೇ ತಪ್ಪಿರುತ್ತದೆ. ಗದ್ದೆ, ಕಣ, ಶಾಲೆ ಮೈದಾನ, ಇಂಥ ಕಡೆ ಏಳಿಸಿ. ಮೋಟಾರ್ ಚಾಲೂ ಮಾಡುವ ಕ್ಷಣದಲ್ಲಿ ಮನೆಯ ಗುರುತು ಬೀಳುತ್ತದೆ, ಆದ್ದರಿಂದ ಉಪಗ್ರಹ ಸಿಕ್ಕ ಕೂಡಲೇ ಅವಸರ ಮಾಡದೆ ಎರಡು ನಿಮಿಷ ಕಾಯಿರಿ.

4. ಬ್ಯಾಟರಿಯ ಲೆಕ್ಕ

ಲಿಪೊ ಬ್ಯಾಟರಿಯ ಒಂದು ಸೆಲ್ ತುಂಬಿದಾಗ 4.2 ವೋಲ್ಟ್. ಎಚ್ಚರಿಕೆಯ ಮಟ್ಟ ಸೆಲ್ಲಿಗೆ 3.6, ಅಪಾಯದ ಮಟ್ಟ 3.5 ಎಂದಿಡುವುದು ವಾಡಿಕೆ. ನಾಲ್ಕು ಸೆಲ್ಲಿನ ಬ್ಯಾಟರಿಗೆ 14.4 ಮತ್ತು 14.0. ಮೊದಲನೆಯದಕ್ಕೆ ಮರಳುವ ಆಜ್ಞೆ, ಎರಡನೆಯದಕ್ಕೆ ಇಳಿಯುವ ಆಜ್ಞೆ ಕೊಡಿ.

ಮಲೆನಾಡಿನಲ್ಲಿ ಈ ವಾಡಿಕೆಯ ಅಂಕಿ ಸಾಲದೆ ಹೋಗಬಹುದು. ಮೇಲಿನ 73 ಮೀಟರನ್ನೇ ತೆಗೆದುಕೊಳ್ಳಿ. ಏರುವ ವೇಗ ಸೆಕೆಂಡಿಗೆ 2.5 ಮೀಟರ್ ಇದ್ದರೆ, ನೆಲಮಟ್ಟದಿಂದ ಏರಲು 29 ಸೆಕೆಂಡ್. 300 ಮೀಟರ್ ದೂರವನ್ನು ಸೆಕೆಂಡಿಗೆ 5 ಮೀಟರಿನಂತೆ ಬರಲು 60. ಮೇಲೆ ನಿಲ್ಲುವುದು 5. ಸೆಕೆಂಡಿಗೆ 1.5 ಮೀಟರಿನಂತೆ 63 ಮೀಟರ್ ಇಳಿಯಲು 42, ಕೊನೆಯ 10 ಮೀಟರ್ ನಿಧಾನಕ್ಕೆ, ಸೆಕೆಂಡಿಗೆ ಅರ್ಧ ಮೀಟರಿನಂತೆ 20. ಕೂಡಿಸಿದರೆ 156 ಸೆಕೆಂಡ್, ಎರಡೂವರೆ ನಿಮಿಷಕ್ಕೂ ಜಾಸ್ತಿ. ಎದುರುಗಾಳಿ ಸೇರಿಸಿಲ್ಲ. ನಿಮ್ಮ ಡ್ರೋನ್ ಒಟ್ಟು ಹನ್ನೆರಡು ನಿಮಿಷ ಹಾರುವುದಾದರೆ ಐದನೇ ಒಂದು ಪಾಲಿಗಿಂತ ಹೆಚ್ಚು ಮರಳುವುದಕ್ಕೇ ಬೇಕು. ಸಮತಟ್ಟಾದ ಮೈದಾನದಲ್ಲಿ ಎಚ್ಚರಿಕೆಯ ಮಟ್ಟ ಮುಟ್ಟಿದ ಮೇಲೆ ನಿಮ್ಮ ಬ್ಯಾಟರಿ ಎಷ್ಟು ಹೊತ್ತು ತಾಳುತ್ತದೆ ಎಂದು ಗಡಿಯಾರ ಹಿಡಿದು ತಲೆಯೆತ್ತರದಲ್ಲೇ ಹಾರಿಸಿ ನೋಡಿ, 14.0 ಮುಟ್ಟುತ್ತಿದ್ದಂತೆ ಇಳಿಸಿ. 156ಕ್ಕಿಂತ ಕಮ್ಮಿ ಬಂದರೆ ಎಚ್ಚರಿಕೆಯ ಮಟ್ಟವನ್ನು 3.7ರ ಕಡೆ ಏರಿಸಿ.

ಇದಕ್ಕೆಲ್ಲ ಮೊದಲು ಡ್ರೋನ್ ತೋರಿಸುವ ವೋಲ್ಟನ್ನು ಮೀಟರಿನ ವೋಲ್ಟಿನ ಜತೆ ತಾಳೆ ನೋಡಿ. ಅಳತೆಯೇ ತಪ್ಪಿದ್ದರೆ ಮೇಲಿನ ಲೆಕ್ಕವೆಲ್ಲ ನೀರಿನಲ್ಲಿ ಹೋಮ.

5. ಸಿಗ್ನಲ್ ತಪ್ಪಿದಾಗ

ರಿಮೋಟಿನ ಅಲೆ ಗುಡ್ಡವನ್ನು ತೂರಿ ಹೋಗುವುದಿಲ್ಲ. ಒದ್ದೆ ಎಲೆಯೂ ಅದನ್ನು ಕುಡಿದುಬಿಡುತ್ತದೆ. ಆದ್ದರಿಂದ ಸಿಗ್ನಲ್ ತಪ್ಪುವುದು ನಮ್ಮಲ್ಲಿ ಅಪರೂಪದ ಅವಘಡ ಅಲ್ಲ, ದಿನನಿತ್ಯದ ಸಂಗತಿ. ಫೇಲ್‌ಸೇಫ್, ಅಂದರೆ ಸಂಪರ್ಕ ಕಡಿದಾಗ ಏನು ಮಾಡಬೇಕೆಂಬ ಆಜ್ಞೆ, ಚಾಲೂ ಇದೆಯೇ ನೋಡಿ, ಆರ್‌ಟಿಎಲ್‌ಗೆ ಇಡಿ.

ಇಲ್ಲಿ ಎಡವುವುದು ರಿಸೀವರಿನಲ್ಲಿ, ಅಂದರೆ ರಿಮೋಟಿನ ಸಿಗ್ನಲ್ ಹಿಡಿಯುವ ಡ್ರೋನಿನ ಭಾಗದಲ್ಲಿ. ಕೆಲವು ರಿಸೀವರ್‌ಗಳು ಸಿಗ್ನಲ್ ಹೋದ ಮೇಲೂ ಕೊನೆಗೆ ಬಂದ ಆಜ್ಞೆಯನ್ನೇ ಹಿಡಿದುಕೊಂಡು ಕೂರುತ್ತವೆ. ಸಂಪರ್ಕ ಇದೆ ಎಂದೇ ಡ್ರೋನ್ ನಂಬುತ್ತದೆ, ಹೋದ ದಿಕ್ಕಿಗೇ ಹೋಗುತ್ತಿರುತ್ತದೆ. ಪರೀಕ್ಷೆ ಹೀಗೆ: ರೆಕ್ಕೆ ಬಿಚ್ಚಿ, ಬಯಲಿನಲ್ಲಿ ಜಿಪಿಎಸ್ ಸಿಕ್ಕ ಮೇಲೆ ಮೋಟಾರ್ ಚಾಲೂ ಮಾಡಿ, ಥ್ರಾಟಲ್ (ಮೋಟಾರಿನ ಶಕ್ತಿ ಏರಿಸುವ ಇಳಿಸುವ ಸ್ಟಿಕ್) ನಡುವಿಗೆ ತಂದು ರಿಮೋಟ್ ಆಫ್ ಮಾಡಿ. ಲ್ಯಾಪ್‌ಟಾಪಿನಲ್ಲಿ ಕ್ರಮ ಆರ್‌ಟಿಎಲ್ ಎಂದು ಬದಲಾಗಬೇಕು. ಆಗದಿದ್ದರೆ ರಿಸೀವರಿನ ಸೆಟ್ಟಿಂಗ್ ಸರಿಯಾಗುವ ತನಕ ಹಾರಿಸಬೇಡಿ. ಥ್ರಾಟಲ್ ಪೂರ್ತಿ ಕೆಳಗಿಟ್ಟು ಪರೀಕ್ಷಿಸಿದರೆ ಮೋಟಾರ್ ಸುಮ್ಮನೆ ನಿಂತುಬಿಡಬಹುದು. ಅದನ್ನು ನೋಡಿ ದೋಷ ಎಂದುಕೊಳ್ಳಬೇಡಿ.

6. ಮೊದಲ ನಿಲುವು

ಈಗ ರೆಕ್ಕೆ ಹಾಕಿ. ಬೆಳಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮುಂಚೆ ಗಾಳಿ ಶಾಂತವಾಗಿರುತ್ತದೆ. ಮಂಜು ಮುಸುಕಿದಾಗ ಬೇಡ. ಕಣ್ಣಿಗೂ ಕಾಣದು, ಬೋರ್ಡಿಗೂ ನೀರು. ತಲೆಯೆತ್ತರಕ್ಕೆ ಏರಿಸಿ ಅರ್ಧ ನಿಮಿಷ ನಿಲ್ಲಿಸಿ, ಇಳಿಸಿ, ಮೋಟಾರ್ ಮುಟ್ಟಿ ನೋಡಿ. ಬೆರಳಿಡಲಾಗದಷ್ಟು ಬಿಸಿ ಇದ್ದರೆ ಮುಂದೆ ಹೋಗಬೇಡಿ.

ಗಾಳಿಯಲ್ಲಿ ನಿಲ್ಲಲು ಎಷ್ಟು ಶಕ್ತಿ ಬೇಕೆಂಬುದನ್ನು ಆರ್ಡುಪೈಲಟ್ ತಾನೇ ಕಲಿತು 'ಥ್ರಸ್ಟ್ ಹೋವರ್' ಎಂಬಲ್ಲಿ ಬರೆದಿಡುತ್ತದೆ. ಅದು 0.5 ದಾಟಿದರೆ ಡ್ರೋನ್ ತನ್ನ ಶಕ್ತಿಗೆ ಮೀರಿದ ಭಾರ ಹೊತ್ತಿದೆ. ಸಮುದ್ರಮಟ್ಟದಿಂದ 1,343 ಮೀಟರ್ ಎತ್ತರದ ಕೊಡಚಾದ್ರಿಯಂಥ ಕಡೆ ಗಾಳಿಯ ಸಾಂದ್ರತೆ ಸುಮಾರು ನೂರಕ್ಕೆ 12ರಷ್ಟು ಕಡಿಮೆ, ಶಿವಮೊಗ್ಗ ಪೇಟೆಯಲ್ಲಿ ಸುಮಾರು 5ರಷ್ಟು. ಪೇಟೆಯಲ್ಲಿ ಕಷ್ಟಪಟ್ಟು ನಿಲ್ಲುವ ಡ್ರೋನ್ ಬೆಟ್ಟದ ಮೇಲೆ ಕೈಕೊಡುತ್ತದೆ.

7. ಕೊನೆಗೆ ಪಿಐಡಿ

ಮೂರು ಅಕ್ಷರ, ಮೂರು ಕೆಲಸ. ಡ್ರೋನ್ ವಾಲಿದಾಗ, ಎಷ್ಟು ವಾಲಿತೋ ಅದಕ್ಕೆ ತಕ್ಕಂತೆ ತಿದ್ದುವುದು ಪಿ. ಒಂದೇ ಕಡೆಯಿಂದ ಗಾಳಿ ತಳ್ಳುತ್ತಲೇ ಇದ್ದರೆ, ಹಠಬಿಡದೆ ಅಷ್ಟಷ್ಟೇ ಸೇರಿಸುತ್ತಾ ಎದುರು ನಿಲ್ಲುವುದು ಐ. ತಿದ್ದುವ ಭರದಲ್ಲಿ ಆಚೆ ಬದಿಗೆ ವಾಲದಂತೆ ಬ್ರೇಕ್ ಹಿಡಿಯುವುದು ಡಿ.

ಅಂಕಿ ಮುಟ್ಟುವ ಮುಂಚೆ ರೆಕ್ಕೆಯ ತುದಿ ಮುಕ್ಕಾಗಿದೆಯೇ, ತೋಳಿನ ಸ್ಕ್ರೂ ಸಡಿಲವೇ, ಬ್ಯಾಟರಿ ಅಲುಗುತ್ತದೆಯೇ ನೋಡಿ. 'ತೂಗಾಟ' ಎಂದು ನನ್ನ ಹತ್ತಿರ ತಂದ ಡ್ರೋನ್‌ಗಳಲ್ಲಿ ಬಹುಪಾಲು ಇಷ್ಟರಲ್ಲೇ ಸರಿಹೋಗಿವೆ. ಗಾಳಿಯ ಒತ್ತಡ ನೋಡಿ ಎತ್ತರ ಹೇಳುವ ಬ್ಯಾರೊಮೀಟರ್ ಮೇಲೆ ಸಣ್ಣ ಸ್ಪಂಜಿನ ತುಂಡು ಇಲ್ಲದಿದ್ದರೆ ಗಾಳಿ ಬೀಸಿದಾಗೆಲ್ಲ ಡ್ರೋನ್ ಮೇಲೆ ಕೆಳಗೆ ಜಿಗಿಯುತ್ತದೆ. ಅದಕ್ಕೂ ಪಿಐಡಿಗೂ ಸಂಬಂಧವಿಲ್ಲ.

ಇಷ್ಟಾದ ಮೇಲೂ ಸಣ್ಣಗೆ, ವೇಗವಾಗಿ ನಡುಗುತ್ತಿದ್ದರೆ ಪಿ ಅಥವಾ ಡಿ ಹೆಚ್ಚಾಗಿದೆ. ಅಮಲೇರಿದವನಂತೆ ನಿಧಾನಕ್ಕೆ ಓಲಾಡುತ್ತಿದ್ದರೆ ಪಿ ಕಡಿಮೆಯಾಗಿದೆ. ನಡುಗುವ ಡ್ರೋನಿಗೆ ಎರಡನ್ನೂ ಕಾಲುಭಾಗ ಇಳಿಸಿ ನೋಡಿ. ಗೈರೊ ಫಿಲ್ಟರ್, ಅಂದರೆ ಮೋಟಾರಿನ ಕಂಪನವನ್ನು ಸೋಸುವ ಜರಡಿ, ರೆಕ್ಕೆಯ ಅಳತೆಗೆ ಹೊಂದಬೇಕು: 5 ಇಂಚಿಗೆ 80 ಹರ್ಟ್ಸ್, 10 ಇಂಚಿಗೆ 40, 20 ಇಂಚಿಗೆ 20.

ಉಳಿದದ್ದನ್ನು ಕೈಯಿಂದ ಮಾಡುವುದಕ್ಕಿಂತ ಆಟೊಟ್ಯೂನ್‌ಗೆ ಬಿಡುವುದು ನನಗೆ ಇಷ್ಟ. ಡ್ರೋನ್ ತಾನೇ ಸೆಳೆದು, ವಾಲಿ, ಸರಿಯಾದ ಅಂಕಿ ಹುಡುಕಿಕೊಳ್ಳುತ್ತದೆ. ಅಗಲವಾದ ಬಯಲು, ಅಲುಗದ ಗಾಳಿ ಎರಡೂ ಬೇಕು. ಸುಗ್ಗಿ ಮುಗಿದ ಗದ್ದೆ ಬಯಲು ಸರಿ. ಆಲ್ಟ್‌ಹೋಲ್ಡ್, ಅಂದರೆ ಎತ್ತರ ಹಿಡಿದು ನಿಲ್ಲುವ ಕ್ರಮದಲ್ಲಿ ಏರಿಸಿ, ಆಮೇಲೆ ಸ್ವಿಚ್ ಹಾಕಿ. ಗಾಳಿಗೆ ದೂರ ಸರಿದರೆ ಸ್ಟಿಕ್ಕಿನಿಂದ ಹತ್ತಿರ ಎಳೆದುಕೊಳ್ಳಿ, ಕೈಬಿಟ್ಟ ಮೇಲೆ ಅದು ಕೆಲಸ ಮುಂದುವರಿಸುತ್ತದೆ. ಒಂದು ಬ್ಯಾಟರಿಯಲ್ಲಿ ಮೂರೂ ಅಕ್ಷ (ಎಡಬಲಕ್ಕೆ ವಾಲುವುದು, ಹಿಂದೆ ಮುಂದೆ ವಾಲುವುದು, ನಿಂತಲ್ಲೇ ತಿರುಗುವುದು) ಮುಗಿಯದಿದ್ದರೆ ಒಂದೊಂದನ್ನೇ ಆರಿಸಿ ಮಾಡಬಹುದು.

ಮುಗಿದಾಗ ಆಟೊಟ್ಯೂನ್ ಸ್ವಿಚ್ ಹಾಗೇ ಇರುವಂತೆ ಇಳಿಸಿ, ಮೋಟಾರ್ ನಿಲ್ಲಿಸಬೇಕು. ಖುಷಿಯಲ್ಲಿ ಸ್ವಿಚ್ ತೆಗೆದು ಆಮೇಲೆ ನಿಲ್ಲಿಸಿದರೆ ಕಲಿತದ್ದೆಲ್ಲ ಅಳಿಸಿಹೋಗುತ್ತದೆ. ಇದನ್ನು ಎಷ್ಟು ಜನರಿಗೆ ಹೇಳಿದ್ದೇನೋ, ಅಷ್ಟೂ ಜನ ಒಮ್ಮೆಯಾದರೂ ಮಾಡಿಕೊಂಡಿದ್ದಾರೆ. ನಾನೂ ಸೇರಿ.

ಅಂಗಡಿಯ ಕ್ಯಾಮೆರಾ ಡ್ರೋನ್ ಇದ್ದವರಿಗೆ

ನಿಮಗೆ ಪಿಐಡಿ ಕಾಣುವುದಿಲ್ಲ, ಬೇಕೂ ಇಲ್ಲ. ಆ್ಯಪಿನಲ್ಲಿ ಮರಳುವ ಎತ್ತರ, ಸಿಗ್ನಲ್ ಹೋದಾಗ ಏನು ಮಾಡಬೇಕು, ಗರಿಷ್ಠ ಎತ್ತರ ಮತ್ತು ದೂರ, ಈ ನಾಲ್ಕನ್ನು ನೋಡಿ. ಸಿಗ್ನಲ್ ಹೋದಾಗ 'ಇದ್ದಲ್ಲೇ ನಿಲ್ಲು' ಅಥವಾ 'ಇಳಿ' ಎಂಬ ಆಯ್ಕೆ ಬೇಡ. ಗುಡ್ಡದ ಆಚೆ ಕಾಡಿನಲ್ಲಿ ಇಳಿದದ್ದನ್ನು ಹುಡುಕುವವರು ಯಾರು? ಅಡೆತಡೆ ನೋಡುವ ಸೆನ್ಸರ್ ಇದೆ ಎಂಬ ಧೈರ್ಯ ಪಂಪ್‌ಸೆಟ್ಟಿನ ವೈರು, ಒಣಗಿದ ರೆಂಬೆ, ಸೋಗೆಯ ತುದಿಯ ಮುಂದೆ ನಡೆಯುವುದಿಲ್ಲ. ಮುಸ್ಸಂಜೆಯಲ್ಲಂತೂ ಅದಕ್ಕೆ ಏನೂ ಕಾಣದು. ಕೆಳಗೆ ನೋಡುವ ಕ್ಯಾಮೆರಾ ಇರುವವು ತುಂಗೆಯ ಹರಿಯುವ ನೀರಿನ ಮೇಲೆ, ನೀರು ನಿಂತ ಗದ್ದೆಯ ಮೇಲೆ ತಗ್ಗಿನಲ್ಲಿ ಹಾರುವಾಗ ಗಲಿಬಿಲಿಗೊಳ್ಳುತ್ತವೆ. ನೀರಿನ ಮೇಲೆ ಐದಾರು ಮೀಟರಿಗಿಂತ ಕೆಳಗೆ ಬರಬೇಡಿ. ಸ್ಟಿಕ್ ಮುಟ್ಟಿದರೆ ಸಾಕು ಚಿಮ್ಮುತ್ತದೆ ಎನ್ನುವವರು 'ಎಕ್ಸ್‌ಪೊ' ಬದಲಿಸಿ. ಸ್ಟಿಕ್ಕಿನ ನಡುಭಾಗ ಎಷ್ಟು ಮೆತ್ತಗಿರಬೇಕೆಂಬ ಸೆಟ್ಟಿಂಗ್ ಅದು.

ಮಳೆಗಾಲದಲ್ಲಿ ಹಾರಿಸಲು ಆಗದ ತಿಂಗಳುಗಳಲ್ಲಿ ಜಗಲಿಯಲ್ಲಿ ಕೂತು 1, 3, 4ನೇ ಹಂತದ ಅಂಕಿಗಳನ್ನು ತುಂಬಿಡಬಹುದು. ಬ್ಯಾಟರಿಯನ್ನು ಮಾತ್ರ ತುಂಬಿಸಿ ಇಡಬೇಡಿ, ಸೆಲ್ಲಿಗೆ 3.8 ವೋಲ್ಟ್ ಇರುವಂತೆ ಒಣಗಿದ ಡಬ್ಬಿಯಲ್ಲಿ ಇಡಿ. ಮಳೆ ನಿಂತ ಮೇಲೆ 2ನೇ ಹಂತದಿಂದ ಶುರು ಮಾಡಿ, ಹೊಸ ಜಾಗಕ್ಕೆ ಹೋದಾಗಲೆಲ್ಲ 3ನೇ ಹಂತದ ಕೂಡುವ ಲೆಕ್ಕವನ್ನು ಮತ್ತೆ ಮಾಡಿ. ನಿನ್ನೆಯ 73 ಇವತ್ತಿನ ಗುಡ್ಡಕ್ಕೆ ಸಾಕಾಗದೆ ಇರಬಹುದು.